ಬಲಗೆನ್ನೆಯ ಬಿಸಿಲು

ಹ್ಯಾಲಿಫ್ಯಾಕ್ಸ್, ಉತ್ತರ ಕ್ವೀನ್ಸ್‌ಲ್ಯಾಂಡ್
೧೮ ಮಾರ್ಚ್ ೨೦೧೮

ಪ್ರೀತಿಯ ಇರ್ಮಾ,

ಹೇಗಿದ್ದೀಯ? ಟ್ರೆವರನ ಮಂಡಿ ಈಗ ಮೆಟ್ಟಿಲು ಹತ್ತಲು ಬಿಡುತ್ತದೆಯೇ? ಮಗಳು ಇಮೋಜೆನ್‌ಳ ಕೆಮ್ಮು ನಿಂತಿತೇ? ನಿಮ್ಮ ಕುರುಡು ನಾಯಿ ಬಾಸಿಲ್ ಇನ್ನೂ ಇದ್ದಾನೆಯೇ, ಅಥವಾ ನಾನು ತಡವಾಗಿ ಕೇಳುತ್ತಿದ್ದೇನೆಯೇ? ವರ್ಷಕ್ಕೊಮ್ಮೆ ಕ್ರಿಸ್‌ಮಸ್ ಕಾರ್ಡಿನಲ್ಲಿ ಎರಡು ಸಾಲು ಗೀಚುವ ನಾನು ಮಾರ್ಚಿನಲ್ಲಿ ದಪ್ಪ ಲಕೋಟೆ ಕಳಿಸಿದೆನೆಂದು ಹೆದರಬೇಡ. ಅಮ್ಮ ಇದ್ದಾಳೆ. ತೊಂಬತ್ತೆರಡಕ್ಕೆ ಎಷ್ಟು ಚೆನ್ನಾಗಿರಬಹುದೋ ಅಷ್ಟು ಚೆನ್ನಾಗಿದ್ದಾಳೆ. ನನ್ನ ಯಜಮಾನ ಪ್ರಿಮೋನೂ ಗಟ್ಟಿಯಾಗಿದ್ದಾನೆ. ಕಿವಿ ಮಾತ್ರ ತನಗೆ ಬೇಕಾದದ್ದನ್ನಷ್ಟೇ ಕೇಳಿಸಿಕೊಳ್ಳುತ್ತದೆ.

ನದಿ ಈ ಸಲವೂ ರಸ್ತೆಗೆ ಬಂತು. ಮೂರು ದಿನ ಪಟ್ಟಣಕ್ಕೆ ಹೋಗಲಾಗಲಿಲ್ಲ. ನಾಲ್ಕನೆಯ ದಿನ ರಸ್ತೆ ಎದ್ದಿತು, ಆದರೆ ಎರಡೂ ಕಡೆ ನೀರು ನಿಂತೇ ಇತ್ತು. ನೀರಿನ ಮೇಲೆ ಕಬ್ಬಿನ ತುದಿಗಳು, ಕೆಳಗೆ ಆಕಾಶ. ಟ್ರಕ್ ಓಡುತ್ತಿದೆಯೋ ತೇಲುತ್ತಿದೆಯೋ ತಿಳಿಯದ ಹಾಗೆ ಹೋಗಿ ವೃದ್ಧಾಶ್ರಮದಲ್ಲಿ ಅಮ್ಮನ ಕೋಣೆಯ ಬಾಗಿಲು ತಳ್ಳಿದೆ. ಅವಳು ತಲೆಯೆತ್ತಿ ನೋಡಿ, "ಅವ್ವಾ, ಬಂದ್ಯಾ? ಇಷ್ಟ್ ದೂರ ನಡ್ಕೊಂಡೇ ಬಂದ್ಯಾ?" ಎಂದಳು.

ನಮ್ಮ ಜೊತೆ ಆಡುವ ಮಾತಲ್ಲ ಅದು. ಅವಳ ಗುಡ್ಡದೂರಿನ ಮಾತು, ಇಟಲಿಯದ್ದು. ಇಪ್ಪತ್ತೊಂದಕ್ಕೆ ಹಡಗು ಹತ್ತಿದವಳು ಮತ್ತೆ ತನ್ನ ತಾಯಿಯನ್ನು ನೋಡಲಿಲ್ಲ ಎಂಬುದು ನಿನಗೆ ಗೊತ್ತಿದ್ದದ್ದೇ. ಅಡುಗೆಮನೆಯ ಗೋಡೆಯಲ್ಲಿದ್ದ ಆ ಫೋಟೋ ನೆನಪಿದೆಯಲ್ಲ, ದ್ರಾಕ್ಷಿ ಚಪ್ಪರದ ಕೆಳಗೆ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತ ಅಜ್ಜಿ, ಬತ್ತಿದ ಹಳ್ಳದ ಹಾಗೆ ಬಿರಿದ ಮುಖ. ಅಮ್ಮನ ಕೈ ತೊಳೆಸಲು ಬಚ್ಚಲಿಗೆ ಕರೆದೊಯ್ದಾಗ ಕನ್ನಡಿ ನೋಡಿದೆ. ಫೋಟೋದವಳು ನಿಂತಿದ್ದಳು.

ಇದೇನು ಮೊದಲ ಸಲವಲ್ಲ. ಹದಿನಾಲ್ಕು ತಿಂಗಳಾಯಿತು ಅವಳ ಬಾಯಲ್ಲಿ ನನ್ನ ಹೆಸರು ಬಂದು. ವಾರಕ್ಕೆ ಐದು ದಿನ ಹೋಗುತ್ತೇನೆ, ತಲೆ ಬಾಚುತ್ತೇನೆ, ಉಗುರು ತೆಗೆಯುತ್ತೇನೆ. ನಾನು ಹೋದಾಗ ಅವಳಿಗೆ ಖುಷಿಯೇ, ಇಲ್ಲವೆನ್ನಲಾರೆ. ಆದರೆ ಆ ಖುಷಿ ಬೇರೆ ಯಾರದೋ ಹೆಸರಿಗೆ ಬಂದ ಅಂಚೆ. ಸಾಯುವ ಮುಂಚೆ ಒಂದು ಸಲ, ಒಂದೇ ಸಲ, ನನ್ನನ್ನು ನೋಡಿ "ಡೆಲ್ಫೀನಾ" ಎನ್ನಲಿ. ನನಗೆ ಬೇಕಾದದ್ದು ಅಷ್ಟೇ.

ಅದಕ್ಕೇ ಈ ಕಾಗದ. ಟೌನ್ಸ್‌ವಿಲ್‌ನಲ್ಲಿ ಒಂದು ಚರ್ಮದ ಕ್ಲಿನಿಕ್ ಇದೆ. ಲೇಸರ್ ಹಿಡಿದು ಬಿಸಿಲಿನ ಕಲೆ ತೆಗೆಯುತ್ತಾರೆ, ಸುಕ್ಕು ಇಳಿಸುತ್ತಾರೆ. ಕತ್ತರಿ ಇಲ್ಲ, ಹೊಲಿಗೆ ಇಲ್ಲ, ಬರೀ ಬೆಳಕು. ಪ್ರಿಮೋನಿಗೆ ಹೇಳಿದೆ. "ನಿನ್ ಮುಖ ರಿಪೇರಿಗೆ ಕೊಡ್ತೀಯಂದ್ರೆ ಹಳೇ ಟ್ರ್ಯಾಕ್ಟರೂ ಜೊತೆಗೆ ಒಯ್ಯಿ, ಅದೂ ನಿನ್ ಹಾಗೆ ನಲವತ್ತೆಂಟನೇ ಇಸವೀದೇ" ಎಂದ.

ನಾನು ಅಲ್ಲಿಗೆ ನಿನ್ನ ಫೋಟೋ ಒಯ್ಯಬೇಕೆಂದಿದ್ದೇನೆ, ಹೋದ ಕ್ರಿಸ್‌ಮಸ್‌ಗೆ ಇಮೋಜೆನ್ ಕಳಿಸಿದ್ದು. ಒಂದೇ ಹೊಟ್ಟೆಯಲ್ಲಿ, ಒಂದೇ ದಿನ, ಇಪ್ಪತ್ತು ನಿಮಿಷದ ಅಂತರದಲ್ಲಿ ಬಂದವರು ನಾವು. ನೀನು ಟಾಸ್ಮೇನಿಯಾದ ತಂಪಿನಲ್ಲಿ ಸೇಬು ಕಟ್ಟುವ ಷೆಡ್ಡಿನೊಳಗೆ ಕೂತೆ, ನಾನು ಕಬ್ಬಿನ ಟ್ರಕ್ಕಿನಲ್ಲಿ ಕೂತೆ. ಬಿಸಿಲು ಬೀಳದಿದ್ದರೆ ನಾನು ಹೇಗಿರುತ್ತಿದ್ದೆ ಎಂದು ತೋರಿಸಲು ನನ್ನ ಬಳಿ ಬೇರೇನಿದೆ? ನಿನ್ನ ಒಪ್ಪಿಗೆ ಇಲ್ಲದೆ ಒಯ್ಯಲು ಮನಸ್ಸು ಬರಲಿಲ್ಲ.

ಇಪ್ಪತ್ತು ನಿಮಿಷದ ಅಕ್ಕ,
ಡೆಲ್ಫೀನಾ


ಹ್ಯೂಆನ್‌ವಿಲ್, ಟಾಸ್ಮೇನಿಯಾ
೯ ಏಪ್ರಿಲ್ ೨೦೧೮

ಡೆಲ್ಫೀನಾ,

ಬಾಸಿಲ್ ಜನವರಿಯಲ್ಲಿ ಹೋದ. ಸೇಬಿನ ಮರದ ಬುಡದಲ್ಲಿದ್ದಾನೆ. ಉಳಿದವರು ಕ್ಷೇಮ.

ಫೋಟೋ ಒಯ್ಯಿ, ನನ್ನದೇನೂ ಅಡ್ಡಿಯಿಲ್ಲ. ಟ್ರೆವರ್‌ಗೆ ಓದಿ ಹೇಳಿದೆ. "ಎಲ್ಲರೂ ಸಿನಿಮಾದವರ ಫೋಟೋ ಒಯ್ತಾರೆ, ನಿನ್ನಕ್ಕ ನಿನ್ನದು ಒಯ್ತಾಳಲ್ಲ, ಇಬ್ಬರಲ್ಲಿ ಯಾರಿಗೆ ತಲೆ ಕೆಟ್ಟಿರೋದು?" ಎಂದು ನಕ್ಕ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಈ ಕಾಗದಗಳು "ನೀನೂ ಒಂದು ಸಲ ಬಂದು ಹೋಗು" ಎಂಬಲ್ಲಿಗೆ ಹೋಗಿ ನಿಲ್ಲುವುದಾದರೆ ಇಲ್ಲಿಗೇ ನಿಲ್ಲಲಿ. ಕಟಾವು ಶುರುವಾಗುವ ವಾರದಲ್ಲಿ, ಅಪ್ಪ ಹಾಸಿಗೆ ಹಿಡಿದಿದ್ದಾಗ, ಮಿಲ್ಲಿನ ಫಿಟ್ಟರ್ ಆಗಿದ್ದ ಈ ಟ್ರೆವರನ ಜೊತೆ ಹೊರಟುಹೋದವಳು ನಾನು. ಅದು ನನಗೆ ನೆನಪಿದೆ. ಒಂಬತ್ತು ತಿಂಗಳಿಗೆ ಅಪ್ಪನ ಮಣ್ಣಿಗೆ ಬಂದೆ, ಹಡಗಿನಲ್ಲಿ ಕಡಲು ದಾಟಿ, ನಾಲ್ಕು ಹಗಲು ಬಸ್ಸಿನಲ್ಲಿ ಕೂತು. ಗುಂಡಿಯ ಆಚೆ ಅಮ್ಮ ನಿಂತಿದ್ದಳು. ನಾನು "ಅಮ್ಮಾ" ಎಂದೆ. ಅವಳು ಮುಖ ತಿರುಗಿಸಿದಳು. ನೀನು ಪಕ್ಕದಲ್ಲೇ ಇದ್ದೆ, ನೋಡಿದೆ. ನಲವತ್ತಮೂರು ವರ್ಷವಾಯಿತು, ನನಗೆ ಅವಳ ಮುಖಕ್ಕಿಂತ ಆ ಕಪ್ಪು ಬಟ್ಟೆ ಕಟ್ಟಿದ ತಲೆಯ ಹಿಂಭಾಗವೇ ಚೆನ್ನಾಗಿ ನೆನಪಿದೆ.

ನಿನ್ನನ್ನು ಗುರುತಿಸಲಿ. ಮನಸಾರೆ ಹೇಳುತ್ತಿದ್ದೇನೆ.

ಇರ್ಮಾ


ಹ್ಯಾಲಿಫ್ಯಾಕ್ಸ್
೨೭ ಮೇ ೨೦೧೮

ಪ್ರೀತಿಯ ಇರ್ಮಾ,

ಬಾ ಎಂದು ಕರೆಯುವುದಿಲ್ಲ. ಮಾತು ಕೊಟ್ಟೆ.

ಕಬ್ಬು ಹೂಬಿಟ್ಟಿದೆ. ಬೆಳಿಗ್ಗೆ ಎದ್ದು ನೋಡಿದರೆ ಹೊಲವೆಲ್ಲ ಬೆಳ್ಳಿಯ ಹೊಗೆ. ನಿನಗೆ ಇಷ್ಟವಿತ್ತು ಅದು. ಆದರೆ ನಾನೀಗ ಅದನ್ನು ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ. ಲೇಸರಿಗೆ ಮುಂಚೆ ನಾಲ್ಕು ವಾರ, ಆಮೇಲೂ ಅಷ್ಟೇ ದಿನ, ಬಿಸಿಲಿಗೆ ಮುಖ ಕೊಡುವಂತಿಲ್ಲ. ಕಂದಿದ ಚರ್ಮಕ್ಕೆ ಆ ಬೆಳಕು ಹೊಡೆದರೆ ಸುಟ್ಟು ಬಿಳಿ ಮಚ್ಚೆ ನಿಲ್ಲುತ್ತದಂತೆ. ಎಪ್ಪತ್ತು ವರ್ಷಕ್ಕೆ ಕಾಲಿಡುವಾಗ ಮೊದಲ ಸಲ, ಅಮ್ಮನ ಹತ್ತಿರ ಹೋಗಿ ಬರುವುದು ಬಿಟ್ಟರೆ, ಹಗಲಿಡೀ ಮನೆಯೊಳಗೆ ಇದ್ದೇನೆ. ಮನೆಯೊಳಗೆ ಇಷ್ಟು ಧೂಳು ಇದೆಯೆಂದು ಗೊತ್ತೇ ಇರಲಿಲ್ಲ. ಸೂರ್ಯನ ಒಂದು ಕೋಲು ಬೆಳಗ್ಗೆ ಮೇಜಿನ ಮೇಲಿರುತ್ತದೆ, ಸಂಜೆಗೆ ಗೋಡೆ ದಾಟಿರುತ್ತದೆ. ಅದು ಹೋಗುವ ಕಡೆಯೆಲ್ಲ ನಾನು ಕುರ್ಚಿ ಎಳೆದುಕೊಂಡು ತಪ್ಪಿಸಿಕೊಳ್ಳುತ್ತೇನೆ.

ಕ್ಲಿನಿಕ್ಕಿನಲ್ಲಿ ಮೊದಲು ಚರ್ಮದ ಡಾಕ್ಟರು ಭೂತಗನ್ನಡಿ ಹಿಡಿದು ಒಂದೊಂದು ಕಲೆಯನ್ನೂ ನೋಡಿದರು. ಕೆಟ್ಟ ಕಲೆಯನ್ನು ಬೆಳಕಿನಿಂದ ಅಳಿಸಿಬಿಟ್ಟರೆ ರೋಗ ಒಳಗೇ ಅಡಗಿ ಕೂರುತ್ತದೆ, ಅದಕ್ಕೆ. ಕಿವಿಯ ಹತ್ತಿರದ ಒಂದನ್ನು ಚಿವುಟಿ ಪರೀಕ್ಷೆಗೆ ಕಳಿಸಿದರು. ಏನೂ ಇಲ್ಲವೆಂದು ಬಂತು. ಆಮೇಲೆ ಬ್ರಿಯೊನಿ ಎಂಬ ನರ್ಸ್ ಹುಡುಗಿ ಒಂದು ಪೆಟ್ಟಿಗೆಯೊಳಗೆ ನನ್ನ ಮುಖ ಇಡಿಸಿ ಫೋಟೋ ತೆಗೆದಳು. ಚರ್ಮದ ಕೆಳಗೆ ಇರುವುದನ್ನು ತೋರಿಸುವ ಕ್ಯಾಮೆರಾ. ಇರ್ಮಾ, ನನ್ನ ಬಲಗೆನ್ನೆ ಸುಟ್ಟ ಹೊಲದ ಹಾಗಿತ್ತು. ಎಡಗೆನ್ನೆ ಅಷ್ಟಿಲ್ಲ.

"ಡ್ರೈವರ್ ಆಗಿದ್ರಾ?" ಎಂದಳು.

"ನಿನಗೆ ಹೇಗೆ ಗೊತ್ತಾಯ್ತು?"

"ಬಲಗಡೆ ಕಿಟಕಿ. ಲಾರಿಯೋರೆಲ್ಲ ಹೀಗೇ ಇರ್ತಾರೆ. ನಿಮ್ಮ ಎಡಗಡೆ ಬಲಗಡೆಗಿಂತ ಹತ್ತು ವರ್ಷ ಚಿಕ್ಕದು, ಡೆಲ್."

ನಿನ್ನ ಫೋಟೋ ಕೊಟ್ಟೆ. "ಇದು ಯಾವಾಗ ತೆಗೆಸಿದ್ದು ನೀವು?" ಎಂದಳು. "ನಾನಲ್ಲ, ನನ್ನ ತಂಗಿ. ಅವಳಿ." ಎರಡೂ ಮುಖ ತಿರುಗಾ ಮುರುಗಾ ನೋಡಿದಳು. "ಇಷ್ಟು ಆಗಲ್ಲ. ಇದರ ದಾರಿಲಿ ಅರ್ಧ ಹೋಗಬಹುದು" ಎಂದಳು. ಸುಳ್ಳು ಹೇಳದ ಹುಡುಗಿ.

ಅವತ್ತು ಮನೆಗೆ ಬಂದವಳಿಗೆ ಒಂದು ಯೋಚನೆ ಹೊಳೆಯಿತು. ಅಮ್ಮನ ಮಂಚದ ಹತ್ತಿರ ನಾನು ಕೂರುವ ಕಡೆ ಅವಳಿಗೆ ಕಾಣುವುದು ನನ್ನ ಬಲಗೆನ್ನೆ. ಮಾರನೆಯ ದಿನ ಕುರ್ಚಿಯನ್ನು ಆಚೆ ಬದಿಗೆ ಹಾಕಿಕೊಂಡೆ, ಎಡಗೆನ್ನೆ ಕೊಟ್ಟು ಕೂತೆ. ಅಮ್ಮ ಬಹಳ ಹೊತ್ತು ನೋಡಿದಳು. "ಅವ್ವಾ, ನೀನು ಎಳೇ ವಯಸ್ಸಿನಲ್ಲಿ ಎಷ್ಟ್ ಚೆಂದಿದ್ದೆ" ಎಂದಳು. ಲೇಸರ್ ಮಾಡಿಸದಿದ್ದರೆ ಆಗುವುದಿಲ್ಲವೆಂದು ಅವತ್ತೇ ತೀರ್ಮಾನಿಸಿದೆ.

ಮೊದಲ ಸಲದ್ದು ಆಗಿ ಹತ್ತು ದಿನವಾಯಿತು. ಕಣ್ಣಿಗೆ ಲೋಹದ ಚಿಪ್ಪು ಮುಚ್ಚುತ್ತಾರೆ, ಆದರೂ ಒಂದೊಂದು ಹೊಡೆತಕ್ಕೂ ಒಳಗೆ ಕಿತ್ತಳೆ ಬಣ್ಣದ ಹೂವು ಅರಳಿ ಆರುತ್ತದೆ. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚುರುಕು, ಹಿಂದೆಯೇ ತಣ್ಣನೆ ಗಾಳಿ. ಸುಟ್ಟ ಕೂದಲ ವಾಸನೆ. ಅಷ್ಟರಲ್ಲೂ ನನಗೆ ತೂಕಡಿಕೆ ಬಂತು. ಟ್ರಕ್ ಓಡಿಸುತ್ತಿದ್ದೇನೆ, ಕಿಟಕಿಯಾಚೆ ಬಿಸಿಲು ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದೆ, ಕಟಾವು ಮಾಡಿದ ಕಬ್ಬು ತಾನಾಗಿ ಎದ್ದು ನಿಲ್ಲುತ್ತಿದೆ ಎಂದು ಅನ್ನಿಸುತ್ತಿತ್ತು. ಮೂರನೆಯ ದಿನ ಕಲೆಗಳೆಲ್ಲ ಕಾಫಿ ಪುಡಿ ಚೆಲ್ಲಿದಂತೆ ಕಪ್ಪಾದವು. ಎಂಟನೆಯ ದಿನ ದಿಂಬಿನ ಮೇಲೆ ಉದುರಿದ್ದವು. ಪ್ರಿಮೋ ಅದನ್ನು ಕೈಯಲ್ಲಿ ಗುಡಿಸಿ, "ಐವತ್ತು ವರ್ಷದ ಬಿಸಿಲು ಇಷ್ಟೇನಾ?" ಎಂದ. ಅವನು ತಮಾಷೆಗೆ ಹೇಳಲಿಲ್ಲ.

ನಿನ್ನ
ಡೆಲ್ಫೀನಾ


ಹ್ಯಾಲಿಫ್ಯಾಕ್ಸ್
೧೫ ಜುಲೈ ೨೦೧೮

ಪ್ರೀತಿಯ ಇರ್ಮಾ,

ನಿನ್ನ ಉತ್ತರ ಬರಲಿಲ್ಲ. ಬರದಿದ್ದರೂ ಬರೆಯುತ್ತೇನೆ. ಬರೆಯುವ ಚಟ ಹಿಡಿದಿದೆ. ಟ್ರೆವರನ ಮಂಡಿಗೆ ಚಳಿ ಹಿಡಿಯದಿರಲಿ.

ಎರಡನೆಯ ಸಲದ್ದು ಆಯಿತು, ಮೂರನೆಯದು ಮುಂದಿನ ವಾರ. ಚರ್ಮ ಬಿಗಿಯುತ್ತಿದೆ, ಒಪ್ಪುತ್ತೇನೆ. ಬೇಕರಿಯಲ್ಲಿ ಒಬ್ಬಳು, "ಏನ್ ಡೆಲ್ಫೀನಾ, ಗಂಡ ಬದಲಾಯಿಸಿದ್ಯಾ, ಇಷ್ಟು ಕಳೆ ಬಂದಿದೆ?" ಎಂದಳು. "ಗಂಡ ಅದೇ, ಮುಖವೇ ಬೇರೆ" ಎಂದೆ.

ಅಮ್ಮನಿಗೆ ಮಾತ್ರ ನಾನು ಇನ್ನೂ ಅವ್ವನೇ. ಮೊದಮೊದಲು ತಿದ್ದುತ್ತಿದ್ದೆ. "ನಾನು ಅಜ್ಜಿ ಅಲ್ಲಮ್ಮ, ಡೆಲ್ಫೀನಾ" ಎಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದಳು. ಈಗ ಬಿಟ್ಟಿದ್ದೇನೆ. ಅವಳು ಅವ್ವಾ ಎಂದರೆ ಹೂಂಗುಟ್ಟುತ್ತೇನೆ. ನಾನು ಕಂಡೇ ಇಲ್ಲದ ಊರಿನ ಬಾವಿ, ಮಂಜು, ಮೇಕೆಗಳ ಹೆಸರು ಎಲ್ಲ ಈಗ ನನಗೆ ಬಾಯಿಪಾಠ. ಹೋದ ಮಂಗಳವಾರ ಅವಳು, "ಅವ್ವಾ, ಹಡಗಿಗೆ ಹೊರಟಾಗ ನಾನು ತಿರುಗಿ ನೋಡ್ಲಿಲ್ಲ ಅಂತ ಬೇಜಾರಾ?" ಎಂದು ಕೇಳಿದಳು.

"ಇಲ್ಲ ಮಗಳೇ."

"ನೀನು ಬೇಲಿ ಹತ್ರ ನಿಂತಿದ್ದೆ. ನಂಗೊತ್ತಿತ್ತು. ತಿರುಗಿದ್ರೆ ಕಾಲು ಏಳ್ತಿರ್ಲಿಲ್ಲ ಅವ್ವಾ. ಅದಕ್ಕೇ ಆಚೆ ನೋಡ್ಕೊಂಡೇ ಹೋದೆ."

ಅವಳ ಹಣೆ ನೇವರಿಸಿದೆ. ಮಂಜಿನಲ್ಲಿ ಬೇಲಿಯ ಬಳಿ ನಾನೇ ನಿಂತಿದ್ದೆನೇನೋ, ಇಷ್ಟು ವರ್ಷ ಅಲ್ಲೇ ನಿಂತಿದ್ದೆನೇನೋ ಅನ್ನಿಸಿತು. ಮನೆಗೆ ಬಂದು ಪ್ರಿಮೋನಿಗೆ ಏನೂ ಹೇಳಲಿಲ್ಲ. ನಿನಗೆ ಹೇಳುತ್ತಿದ್ದೇನೆ. ಯಾಕೆಂದು ನೀನು ಕೇಳುವುದಿಲ್ಲ, ನಾನೂ ಬರೆಯುವುದಿಲ್ಲ.

ಡೆಲ್ಫೀನಾ


ಹ್ಯೂಆನ್‌ವಿಲ್
೩ ಆಗಸ್ಟ್ ೨೦೧೮

ಡೆಲ್ಫೀನಾ,

ನಿನ್ನ ಕಾಗದವನ್ನು ಒಲೆಯ ಹತ್ತಿರ ಕೂತು ಮೂರು ಸಲ ಓದಿದೆ. ಅದರ ಬಗ್ಗೆ ಈಗಲೇ ಬರೆಯಲಾರೆ.

ಬೇರೆ ಒಂದು ವಿಷಯ ಹೇಳಬೇಕು, ಮೊದಲೇ ಹೇಳಬೇಕಿತ್ತು. ನೀನು ಕ್ಲಿನಿಕ್ಕಿಗೆ ಒಯ್ದ ಫೋಟೋ ಇಮೋಜೆನ್ ತನ್ನ ಫೋನಿನಲ್ಲಿ ತೆಗೆದದ್ದು. ಆ ಫೋನು ತಾನಾಗಿಯೇ ಮುಖದ ಗೆರೆಗಳನ್ನೆಲ್ಲ ನಯ ಮಾಡಿಬಿಡುತ್ತದೆ. ನನಗೆ ಸುಕ್ಕಿಲ್ಲ ಎಂದುಕೊಂಡಿದ್ದೀಯ. ಇದೆ. ತುಟಿಯ ಸುತ್ತ, ಕಣ್ಣಿನ ಕೆಳಗೆ, ಬೇಕಾದಷ್ಟಿದೆ. ಸೇಬಿನ ಷೆಡ್ಡಿನಲ್ಲಿ ಬಿಸಿಲಿಲ್ಲ ನಿಜ, ಆದರೆ ಮುಖಕ್ಕೆ ಬಿಸಿಲೊಂದೇ ಬರೆಯುವುದಿಲ್ಲ.

ಯಾರಿಗೂ ಇಲ್ಲದ ಮುಖವೊಂದನ್ನು ನೀನು ಐದು ತಿಂಗಳಿಂದ ಬೆನ್ನಟ್ಟುತ್ತಿದ್ದೀಯ. ಸಿಟ್ಟಾಗಬೇಡ.

ಅವಳು ಆಮೇಲೆ ಏನೆಂದಳು, ಆ ಮಂಗಳವಾರ? ಇನ್ನೇನಾದರೂ ಹೇಳಿದಳೇ?

ಇರ್ಮಾ


ಹ್ಯಾಲಿಫ್ಯಾಕ್ಸ್
೯ ಸೆಪ್ಟೆಂಬರ್ ೨೦೧೮

ಪ್ರೀತಿಯ ಇರ್ಮಾ,

ಸಿಟ್ಟಿಲ್ಲ. ಓದಿದ ದಿನ ಗಟ್ಟಿಯಾಗಿ ನಕ್ಕೆ. ಆದರೆ ಆಮೇಲೆ ನಡೆದದ್ದು ನಗುವಂಥದ್ದಲ್ಲ, ತಪ್ಪೂ ನನ್ನದೇ.

ನಾಲ್ಕನೆಯ ಸಲದ ಲೇಸರ್ ಆಗಸ್ಟ್ ಇಪ್ಪತ್ತಮೂರಕ್ಕೆ ಆಯಿತು. ಸ್ವಲ್ಪ ಆಳಕ್ಕೆ ಹೊಡೆಯುತ್ತೇನೆ, ಬಿಸಿಲಿಗೂ ಬಿಸಿಗೂ ಒಂದು ವಾರ ಹೋಗಬೇಡಿ ಎಂದಳು ಬ್ರಿಯೊನಿ. ತಲೆಯಾಡಿಸಿದೆ. ಎರಡು ದಿನ ಬಿಟ್ಟು ಟೊಮೇಟೊ ದಿನ, ಎಲ್ಲರೂ ಸೇರಿ ವರ್ಷಕ್ಕಾಗುವ ಸಾಸು ಮಾಡುವ ದಿನ. ನಮ್ಮಲ್ಲಿ ಯಾರು ಸತ್ತರೂ ಹುಟ್ಟಿದರೂ ಟೊಮೇಟೊ ದಿನ ನಿಲ್ಲುವುದಿಲ್ಲವಲ್ಲ. ಪ್ರಿಮೋನ ತಂಗಿಯರು, ಅವರ ಸೊಸೆಯಂದಿರು, ಹದಿನೆಂಟು ಪೆಟ್ಟಿಗೆ ಹಣ್ಣು. ಬಿಸಿಲಿಗೆ ಹೋಗಬಾರದು ತಾನೆ, ನಾನು ಷೆಡ್ಡಿನ ನೆರಳಿನಲ್ಲೇ ಇರುತ್ತೇನೆ ಎಂದುಕೊಂಡೆ. ನೆರಳಿನಲ್ಲಿ ಇದ್ದ ಕೆಲಸ ಯಾವುದು? ಸಾಸಿನ ಬಾಟಲಿ ಕುದಿಸುವ ಡ್ರಮ್ಮಿನದು. ಬೆಳಗಿನಿಂದ ಸಂಜೆವರೆಗೆ ಕುದಿಯುವ ನೀರಿನ ಮೇಲೆ ಮುಖ ಬಗ್ಗಿಸಿ ಬಾಟಲಿ ಇಳಿಸಿದೆ, ತೆಗೆದೆ. "ಬೆಂಕಿ ಹತ್ರ ಯಾಕೆ ನಿಂತೆ, ನಿಂಗೆ ಬಿಸಿ ಆಗ್ಬಾರ್ದು ಅಂದಿದ್ರಲ್ಲ?" ಎಂದು ನಾದಿನಿ ಕೇಳಿದರೆ, "ಇದು ಬೆಂಕಿ ಅಲ್ಲ, ಅಡುಗೆ" ಎಂದೆನಂತೆ. ಎಷ್ಟು ಸಾಸು ಮಾಡಿದರೂ ಬುದ್ಧಿ ಬರುವುದಿಲ್ಲ.

ಮರುದಿನ ಬೆಳಿಗ್ಗೆ ಕಣ್ಣು ತೆರೆಯಲಾಗಲಿಲ್ಲ. ಮುಖ ಹಣ್ಣಾದ ಪಪ್ಪಾಯಿಯಷ್ಟು ಊದಿತ್ತು. ಫೋನಿನಲ್ಲಿ ಬ್ರಿಯೊನಿ ಬೈಯಲಿಲ್ಲ. ಸುಮ್ಮನೆ ಉಸಿರು ಬಿಟ್ಟಳು, ಅದು ಬೈಗುಳಕ್ಕಿಂತ ಜಾಸ್ತಿ. ತಣ್ಣೀರ ಬಟ್ಟೆ, ಮುಲಾಮು, ಹತ್ತು ದಿನ ಹೊರಗೆ ಹೋಗುವಂತಿಲ್ಲ ಎಂದಳು.

ಆ ಹತ್ತು ದಿನ ನಾನು ಅಮ್ಮನ ಹತ್ತಿರ ಹೋಗಲಿಲ್ಲ. ಅವಳನ್ನು ಹೆದರಿಸುವುದು ಬೇಡವೆಂದೇ ಅಂದುಕೊಂಡೆ. ನಿಜ ಹೇಳಲೇ? ಊತ ಇಳಿದ ಮೇಲೆ ಬರುವ ಹೊಸ ಮುಖವನ್ನು ಅವಳು ಒಮ್ಮೆಗೇ ನೋಡಲಿ ಎಂಬ ಆಸೆಯೂ ಇತ್ತು.

ಹನ್ನೊಂದನೆಯ ದಿನ ಹೋದೆ. ಊತದ ಕೆಳಗಿನಿಂದ ನಿಜವಾಗಿಯೂ ಬೇರೆ ಮುಖ ಬಂದಿತ್ತು ಇರ್ಮಾ, ನಾನೇ ಕನ್ನಡಿಗೆ ಬೆಚ್ಚಿದ್ದೆ. ಕಾರಿಡಾರಿನಲ್ಲಿ ಮರಿಸೆಲ್ ಸಿಕ್ಕಳು, ಅಮ್ಮನನ್ನು ನೋಡಿಕೊಳ್ಳುವ ಫಿಲಿಪೀನ್ಸಿನವಳು. "ಎಲ್ಲಿ ಹೋಗಿದ್ರಿ? ನಾಲ್ಕು ದಿನದಿಂದ ಸೂಪು ಮುಟ್ಟಿಲ್ಲ ಅವ್ರು. ಅವ್ವ ಬರಲಿ ಅಂತಾರೆ, ಬಾಗಿಲು ನೋಡ್ತಾರೆ" ಎಂದಳು. ಒಳಗೆ ಹೋದೆ. ಅಮ್ಮ ನನ್ನನ್ನು ನೋಡಿದಳು, ನನ್ನ ಹಿಂದೆ ನೋಡಿದಳು.

"ಅವ್ವ ಎಲ್ಲಿ?" ಎಂದಳು, ಮರಿಸೆಲ್‌ಳನ್ನು ಕೇಳುವ ಹಾಗೆ ನನ್ನನ್ನೇ.

ನಾನು ಅವಳದೇ ಊರಿನ ಮಾತಿನಲ್ಲಿ, "ಇಲ್ಲೇ ಇದೀನಲ್ಲ ಮಗಳೇ" ಎಂದೆ. ಅವಳು ದಿಂಬಿಗೆ ಒತ್ತಿಕೊಂಡು ದೂರ ಸರಿದಳು. ಅಪರಿಚಿತೆಯೊಬ್ಬಳು ತಾಯಿಯ ಧ್ವನಿ ಕದ್ದು ತಂದಹಾಗೆ.

ಎಪ್ಪತ್ತು ವರ್ಷದ ಮೇಲೆ ಅವಳಿಗೆ ತಾಯಿ ಸಿಕ್ಕಿದ್ದಳು. ನಾನು ಅವಳನ್ನು ಬೆಳಕು ಹೊಡೆಸಿ ಅಳಿಸಿದೆ. ಅವಳಿಗೆ ಅವ್ವ ಇಲ್ಲ, ನನಗೆ ಹೆಸರೂ ಇಲ್ಲ. ದಿನಾ ಹೋಗುತ್ತೇನೆ. ಸೂಪು ತಿನ್ನಿಸುವುದು ಈಗ ಮರಿಸೆಲ್, ನಾನು ಬಾಗಿಲ ಹತ್ತಿರ ನಿಲ್ಲುತ್ತೇನೆ. ಪ್ರಿಮೋ ಮೊನ್ನೆ ಬಾಯಿ ತಪ್ಪಿ, "ಬಿಸಿಲಲ್ಲಿ ಹೋಗಿ ನಿಂತ್ಕೋ, ವಾಪಸ್ ಬರುತ್ತೆ" ಎಂದ. ಆಮೇಲೆ ಕ್ಷಮಿಸು ಎಂದು ತಾನೇ ಕಾಫಿ ಮಾಡಿಕೊಟ್ಟ. ನಾನು ನಿಜಕ್ಕೂ ಹೋಗಿ ನಿಂತೆ, ಮನೆಯ ಹಿಂದೆ, ಅರ್ಧ ಗಂಟೆ. ಏನು ಬರುತ್ತದೆ.

ಆ ಮಂಗಳವಾರ ಇನ್ನೇನೂ ಹೇಳಲಿಲ್ಲ ಅವಳು. ಕೇಳಿದ್ದೆಯಲ್ಲ.

ಡೆಲ್ಫೀನಾ


ಹ್ಯಾಲಿಫ್ಯಾಕ್ಸ್
೩೦ ಸೆಪ್ಟೆಂಬರ್ ೨೦೧೮

ಪ್ರೀತಿಯ ಇರ್ಮಾ,

ಇದನ್ನು ಕೂತುಕೊಂಡು ಓದು. ಟ್ರೆವರ್ ಹತ್ತಿರದಲ್ಲಿದ್ದರೆ ಒಳ್ಳೆಯದು.

ಹೋದ ಸೋಮವಾರ ಮಧ್ಯಾಹ್ನ. ಮಿಲ್ಲಿನ ಹೊಗೆ ಬೆಲ್ಲದ ವಾಸನೆ ಹೊತ್ತುಕೊಂಡು ಕಿಟಕಿಯಿಂದ ಬರುತ್ತಿತ್ತು. ಕಬ್ಬಿನ ರೈಲು ದೂರದಲ್ಲೆಲ್ಲೋ ನಿಂತು ಹೊರಡುತ್ತಿತ್ತು. ಅಮ್ಮ ನಿದ್ದೆಯಲ್ಲಿದ್ದಳೆಂದು ನಾನು ಮಂಚದ ಹತ್ತಿರ ಕೂತೆ. ಎಷ್ಟು ಹೊತ್ತು ಕಳೆಯಿತೋ, ನನಗೂ ಜೊಂಪು ಹತ್ತಿರಬೇಕು. ಕಣ್ಣು ಬಿಟ್ಟಾಗ ಅವಳು ನನ್ನನ್ನೇ ನೋಡುತ್ತಿದ್ದಳು. ಹೆದರಿಕೆಯಿಲ್ಲದ ನೋಟ.

"ಇರ್ಮಾ" ಎಂದಳು.

ನಾನು ಅಲ್ಲವೆನ್ನಲಿಲ್ಲ. ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡೆ.

"ಬಸ್ಸಲ್ಲಿ ಬಂದ್ಯೇನೇ? ಅಷ್ಟ್ ದೂರದಿಂದ?"

"ಹೂಂನಮ್ಮ."

"ಸೊರಗಿದೀಯ. ಅಲ್ಲಿ ಊಟ ಸರಿಯಿಲ್ವಾ?" ಎಂದು ನನ್ನ ಕೈ ಹಿಡಿದುಕೊಂಡಳು. ಸ್ವಲ್ಪ ಹೊತ್ತು ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು. ಆಮೇಲೆ ಹೇಳಿದಳು, "ಆವತ್ತು ನಾನು ನಿನ್ ಮುಖ ನೋಡ್ಲಿಲ್ಲ."

ಯಾವತ್ತು ಎಂದು ಕೇಳಬೇಕಿರಲಿಲ್ಲ. ಆದರೂ ಕೇಳಿದೆ.

"ನಿಮ್ಮಪ್ಪನ್ನ ಮಣ್ಣಲ್ಲಿ ಇಟ್ಟಾಗ. ನೋಡಿದ್ರೆ ಮನೇಗೆ ಬಾ ಅಂದ್ಬಿಡ್ತಿದ್ದೆ. ಅವರು ಅಲ್ಲಿ ಮಲಗಿರೋವಾಗ ಹೆಂಗೆ ಬಾ ಅನ್ಲಿ ನಾನು? ನಾಲ್ಕು ದಿನ ಹೋಗ್ಲಿ, ಆಮೇಲೆ ಅನ್ನೋಣ ಅಂತಿದ್ದೆ. ನೀನು ಸಾಯಂಕಾಲದ ಬಸ್ಸಿಗೇ ಹೋಗ್ಬಿಟ್ಟಿದ್ದೆ." ಉಸಿರು ತೆಗೆದುಕೊಂಡು, "ತಪ್ಪಾಯ್ತು ಕಣೇ" ಎಂದಳು.

ನಾನು ನಿನ್ನ ಹೆಸರಿನಲ್ಲಿ ಉತ್ತರ ಕೊಟ್ಟೆ ಇರ್ಮಾ. "ಆಯ್ತು ಬಿಡಮ್ಮ, ಈಗ ಬಂದಿದೀನಲ್ಲ" ಎಂದೆ. ಕೊಡುವ ಹಕ್ಕು ನನಗಿರಲಿಲ್ಲ. ಅವಳು ಕೈ ಒಡ್ಡಿದ್ದಳು, ಅಲ್ಲಿ ಬೇರೆ ಯಾರೂ ಇರಲಿಲ್ಲ. ನಿನಗೆ ಒಪ್ಪಿಗೆಯಿಲ್ಲದಿದ್ದರೆ ಅದು ನಾನು ಹೇಳಿದ ಸುಳ್ಳು, ನಿನ್ನ ಮೇಲೆ ಬರುವುದಿಲ್ಲ. ಆದರೆ ಅವಳು ಹೇಳಿದ ಮಾತು ನಿನ್ನದು. ನನ್ನ ಹತ್ತಿರ ಇಟ್ಟುಕೊಳ್ಳಲಾಗದೆ ಇದರಲ್ಲಿ ಹಾಕಿ ಕಳಿಸುತ್ತಿದ್ದೇನೆ.

ಮುಗಿಯಲಿಲ್ಲ. ಆಮೇಲೆ ಅವಳು ತಲೆಯೆತ್ತಿ ಕೋಣೆಯೆಲ್ಲ ನೋಡಿದಳು.

"ಡೆಲ್ಫೀನಾ ಎಲ್ಲಿ?"

ಇಪ್ಪತ್ತು ತಿಂಗಳ ಮೇಲೆ ಆ ಹೆಸರು. ಇಲ್ಲೇ ಇದ್ದೇನೆ ಎನ್ನಲು ಬಾಯಿ ತೆರೆದೆ. ಅವಳ ಕೈ ಇರ್ಮಾಳ ಕೈಯನ್ನು ಹಿಡಿದಿತ್ತು. ಅದನ್ನು ಬಿಡಿಸಿ ನನ್ನ ಹೆಸರು ಅಲ್ಲಿ ಇಡಲು ಮನಸ್ಸು ಬರಲಿಲ್ಲ.

"ಹೊರಗಿದಾಳಮ್ಮ" ಎಂದೆ.

"ಬೆಳಗಿಂದ ಬಿಸಿಲಲ್ಲೇ ಇದಾಳೆ ಆ ಹುಡುಗಿ. ನೀನು ಹೋದ್ಮೇಲೆ ನಿನ್ ಪಾಲಿಂದೂ ಅವಳೇ ಮಾಡ್ತಾಳೆ. ಒಂದಿನ ಬಾಯ್ಬಿಟ್ಟು ಸಾಕಾಯ್ತು ಅಂದೋಳಲ್ಲ. ಅವಳನ್ನ ನೋಡಿದ್ರೆ ನಂಗೆ ನಮ್ಮವ್ವನ ನೆನಪಾಗುತ್ತೆ. ಹೋಗೇ, ಒಳಗೆ ಕರಿ. ಸಾಕು ಅನ್ನು."

ಎದ್ದು ಹೊರಗೆ ಬಂದೆ. ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತೆ. ನಾನು ತಿರುಗಿ ಒಳಗೆ ಹೋದರೆ ಇರ್ಮಾ ಆಗಿಯೇ ಹೋಗುತ್ತೇನೆ. ಡೆಲ್ಫೀನಾ ಆಗಿ ಆ ಬಾಗಿಲು ದಾಟಲು ನನ್ನ ಬಳಿ ಮುಖವಿಲ್ಲ. ಮರಿಸೆಲ್ ಬಂದು ಪಕ್ಕದಲ್ಲಿ ನಿಂತಳು. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಹೋಗಿ, "ಬರ್ತಾಳಂತಮ್ಮ" ಎಂದೆ. "ಬರ್ಲಿ, ಕಾಯ್ತೀನಿ" ಎಂದು ಅವಳು ಸೂಪು ಕೇಳಿದಳು. ಪೂರಾ ಬಟ್ಟಲು ಕುಡಿದಳು.

ಅವತ್ತಿನಿಂದ ದಿನಾ ಕಾಯುತ್ತಿದ್ದಾಳೆ. ನಾನು ಹೋಗಿ ಕೂತ ಕೂಡಲೇ, "ಇರ್ಮಾ, ಅವಳು ಬಂದ್ಲಾ?" ಎನ್ನುತ್ತಾಳೆ. ಕ್ಲಿನಿಕ್ಕಿನವರು ಐದನೆಯ ಸಲಕ್ಕೆ ದಿನ ಕೊಟ್ಟಿದ್ದರು, ಬೇಡವೆಂದು ಹೇಳಿಬಿಟ್ಟೆ. ಡಾಕ್ಟರ ಮಾತಿನ ಪ್ರಕಾರ ಅಮ್ಮನ ಎದೆ ಕ್ರಿಸ್‌ಮಸ್ ನೋಡುವುದು ಕಷ್ಟ.

ಬಾ ಎಂದು ಕರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಮುರಿಯುತ್ತಿದ್ದೇನೆ. ನಿನ್ನ ಮುಖ ಫೋಟೋದ ಹಾಗಿಲ್ಲ, ಅವಳಿಗೆ ಗುರುತು ಸಿಗದಿದ್ದರೆ ಎಂದು ನೀನು ಯೋಚಿಸುತ್ತಿರಬಹುದು. ನಾನೂ ಯೋಚಿಸಿದೆ. ಅವಳು ಈಗ ಮುಖ ನೋಡುತ್ತಿಲ್ಲವೆಂದು ನನಗೆ ಅನ್ನಿಸುತ್ತದೆ, ದೂರ ಹೋದವಳು ಬಂದು ಕೂತಿದ್ದಾಳೆ, ಹೊರಗಿರುವವಳು ಒಳಗೆ ಬರಬೇಕು, ಅಷ್ಟನ್ನೇ ನೋಡುತ್ತಿದ್ದಾಳೆ. ಆ ಕುರ್ಚಿಯಲ್ಲಿ ನೀನು ಕೂತಿದ್ದರೆ, ಬಾಗಿಲಿಂದ ಒಳಗೆ ಬರುವವಳು ನಾನೇ ಆಗಿರುತ್ತೇನೆ.

ಟೌನ್ಸ್‌ವಿಲ್‌ವರೆಗೆ ವಿಮಾನ ಇದೆ, ಪ್ರಿಮೋ ಬಂದು ಕರೆದುಕೊಂಡು ಬರುತ್ತಾನೆ. ಯಾವ ದಿನವೆಂದು ಮಾತ್ರ ಬರೆ. ಎರಡು ಸಾಲಾದರೂ ಸಾಕು, ಬೇಗ ಬರೆ ಇರ್ಮಾ.

ಡೆಲ್ಫೀನಾ